ಜೋಡಿ ಹಚ್ಚೂದು

ನಮ್ಮ ಬಮ್ಮಿಗಟ್ಟಿಯಲ್ಲಿ ಯಾರೂ ಯಾರನ್ನೂ ಒಂಟಿಯಾಗಿ ಹೊಗಳುವುದಿಲ್ಲ. ಸಂತೆಯಿಂದ ತಂದ ಹೊಸ ಎತ್ತನ್ನು ತೋರಿಸಿ ‘ಹೆಂಗೈತಿ?’ ಅಂತ ಕೇಳಿ ನೋಡಿ. ‘ಛಲೋ ಐತಿ’ ಅನ್ನುವ ಮಾತು ಬರುವುದಿಲ್ಲ. ‘ಕೆಳಗಿನ ಓಣ್ಯಾವರ ಎತ್ತಿಗಿಂತ ವಾಸಿ ಬಿಡು’ ಅನ್ನುತ್ತಾರೆ. ಮನೆಗೆ ಬಂದ ಸೊಸೆ, ಹತ್ತನೇತ್ತೆಯ ಮಾರ್ಕು, ಚೌತಿಯ ಗಣಪತಿ, ಶ್ರಾವಣದಲ್ಲಿ ಪುರಾಣ ಹೇಳಲು ಬಂದ ಶಾಸ್ತ್ರಿಗಳು, ಯಾವುದೇ ಇರಲಿ, ಮಗ್ಗುಲಿಗೆ ಇನ್ನೊಂದನ್ನು ನಿಲ್ಲಿಸಿದ ಮೇಲೆಯೇ ತೀರ್ಪು. ನನಗೂ ಈ ಮರ್ಯಾದೆ ಸಿಕ್ಕಿದೆ. ‘ಬರಿಯಾವರೊಳಗ ಇವ್ರು ಅಡ್ಡಿಯಿಲ್ಲ’ ಎಂದು ಹಿರಿಯರೊಬ್ಬರು ಕಟ್ಟೆಯ ಮೇಲೆ ಅಂದಾಗ ಉಬ್ಬಿಹೋಗಿ, ‘ಯಾರಿಗಿಂತ್ರಿ ಅಜ್ಜಾರ?’ ಎಂದು ಕೇಳಿಬಿಟ್ಟೆ. ‘ಟ್ರ್ಯಾಕ್ಟರಿನ ಹಿಂದ ಅಕ್ಷರ ಬರೀತಾನಲ್ಲ, ಅಂವಗಿಂತ’ ಅಂದರು.

ಆದ್ದರಿಂದ ನ್ಯೂಜೆರ್ಸಿಯಲ್ಲಿರುವ ನಮ್ಮಕ್ಕನ ಮಗ 2025ರ ಏಪ್ರಿಲ್‌ನಲ್ಲಿ ಫೋನು ಮಾಡಿ, ‘ಮಾಮಾ, ಇಲ್ಲೆ ಗಾಲ್ಫಿನ್ಯಾಗ ಯಾರು ಗೆಲ್ಲತಾರ ಅಂತ ಶರತ್ತು ಕಟ್ಟೂದು ಹಳೇದಾತು. ಇಬ್ಬರನ್ನ ಜೋಡಿ ಮಾಡಿ, ಇವರೊಳಗ ಯಾರು ಮುಂದ ಅಂತ ಕಟ್ಟತಾರ’ ಎಂದಾಗ ನನಗೆ ಅಮೆರಿಕ ಒಮ್ಮೆಲೇ ನಮ್ಮ ಕಲಘಟಗಿ ತಾಲೂಕಿನೊಳಗೇ ಬಂದಂತಾಯಿತು. ಅಂವ ಅಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಶನಿವಾರಕ್ಕೊಮ್ಮೆ ಗಾಲ್ಫು ಆಡುತ್ತಾನೆ. ಅವನ ರಾಜ್ಯವೇ ಕೋರ್ಟಿಗೆ ಹೋಗಿ 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಿಂದ ಆಟದ ಮೇಲಿನ ಬೆಟ್ಟಿಂಗಿಗೆ ದಾರಿ ತೆರೆಸಿಕೊಂಡದ್ದು. ನಮ್ಮಲ್ಲಿ ಹಾಗಿಲ್ಲ. ಪೊಲೀಸ್ ಕಾಯ್ದೆ ಮೊದಲಿಂದಲೂ ಇತ್ತು. ಆಮೇಲೆ 2025ರ ಆಗಸ್ಟಿನಲ್ಲಿ ಸಂಸತ್ತೇ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆಲ್ಲ ಬೀಗ ಜಡಿಯಿತು. ಆ ಏಪ್ರಿಲ್‌ನಲ್ಲಿ ಪೊಲೀಸ್ ಕಾಯ್ದೆಗೇ ಅಂಜಿ ನಾನೂ ಅಳಿಯನೂ ರೊಕ್ಕದ ಮಾತೇ ಎತ್ತಲಿಲ್ಲ. ಸೋತವರು ಧಾರವಾಡದ ಲೈನ್ ಬಜಾರಿನ ಒಂದು ಕಿಲೋ ಫೇಡಾ ಕೊಡಿಸುವುದು, ಅಷ್ಟೇ. ಫೇಡಾ ಯಾವ ಕಲಮಿನಲ್ಲೂ ಬರುವುದಿಲ್ಲ ಎಂದು ನಂಬಿದ್ದೇನೆ.

ಆಟ ಮಾಸ್ಟರ್ಸ್. ಜಾರ್ಜಿಯಾದ ಅಗಸ್ಟಾ ಎಂಬ ಊರಿನಲ್ಲಿ ಪ್ರತಿ ಏಪ್ರಿಲ್‌ಗೆ ನಡೆಯುವುದು. ಗೆದ್ದವನಿಗೆ ಹಸಿರು ಕೋಟು ತೊಡಿಸುತ್ತಾರೆ. ಗಾಲ್ಫಿನ ನಾಲ್ಕು ಮಹಾಪಂದ್ಯಗಳಲ್ಲಿ ಇದೊಂದು. ಉಳಿದ ಮೂರಕ್ಕೆ 156 ಜನ ಇಳಿಯುತ್ತಾರೆ; ಇಲ್ಲಿ ಅಷ್ಟಿಲ್ಲ, ನೂರರೊಳಗೆ. ಆದರೂ ನೂರರೊಳಗೆ ಒಬ್ಬನನ್ನು ಹುಡುಕಿ ‘ಇವನೇ’ ಅನ್ನುವುದು ಗಿಣಿಶಾಸ್ತ್ರದವರಿಗೇ ಆಗದ ಕೆಲಸ. ಇಬ್ಬರಲ್ಲಿ ಒಬ್ಬನನ್ನು ಆರಿಸುವುದಾದರೆ ನಮ್ಮಂಥವರೂ ಬಾಯಿ ಹಾಕಬಹುದು. ನಾಲ್ಕು ದಿನ, ದಿನಕ್ಕೆ 18 ಕುಳಿ. ಎರಡು ದಿನವಾದ ಮೇಲೆ ಹಿಂದೆ ಬಿದ್ದವರನ್ನು ಮನೆಗೆ ಕಳಿಸುತ್ತಾರೆ, ಅದಕ್ಕೆ ‘ಕಟ್’ ಅನ್ನುತ್ತಾರೆ. ಜೋಡಿಯಲ್ಲಿ ಯಾರ ಹೊಡೆತ ಕಡಿಮೆಯೋ ಅವನು ಗೆದ್ದಂತೆ. ಒಬ್ಬ ಕಟ್ಟಿನಲ್ಲಿ ಹೋದರೆ ಉಳಿದವನು ಗೆದ್ದ. ಇಬ್ಬರೂ ಹೋದರೆ ಎರಡೇ ದಿನದ ಲೆಕ್ಕ ನೋಡುತ್ತಾರೆ. ಸಮಸಮ ಬಂದರೆ ಕಟ್ಟಿದ ರೊಕ್ಕ ವಾಪಸ್ಸು.

ಇಷ್ಟನ್ನೂ ಫೋನಿನ ಸ್ಪೀಕರಿನಲ್ಲಿ ಕೇಳುತ್ತ ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿಗೆ ಒಂದೇ ಸಂಶಯ. ‘ಕಡಿಮಿ ಹೊಡದಾಂವ ಗೆದ್ದಂಗೇನ್ರಿ?’

‘ಹೌದು.’

‘ಹಂಗಿದ್ರ ನಿಮ್ಮನ್ನ ಕಳಸಬೇಕಿತ್ತು. ಏನೂ ಮಾಡಲಾರದ ಗೆದ್ದು ಬರ್ತಿದ್ರಿ.’

ಅಳಿಯ ಅತ್ತಲಿಂದ ನಕ್ಕ ರಭಸಕ್ಕೆ ಫೋನು ನಡುಗಿತು. ಮತ್ತೆ ಅಂವ ‘ಅತ್ತಿ, ನೀವೂ ಒಂದು ಜೋಡಿ ಆರಿಸ್ರಿ’ ಎಂದು ಹೆಸರುಗಳ ಪಟ್ಟಿ ಓದತೊಡಗಿದ. ಆಕೆ ಹೆಸರು ಕೇಳಲಿಲ್ಲ, ವಯಸ್ಸು ಕೇಳಿದಳು. ಜರ್ಮನಿಯ ಬೆರ್ನ್‌ಹಾರ್ಡ್ ಲ್ಯಾಂಗರ್ 67ರವನು. 1985ರಲ್ಲಿ ಒಮ್ಮೆ, 1993ರಲ್ಲಿ ಒಮ್ಮೆ ಹಸಿರು ಕೋಟು ತೊಟ್ಟವನು. ಇದು ಅವನ 41ನೆಯ ಮಾಸ್ಟರ್ಸ್, ಕಡೆಯದೂ ಹೌದು. ಅವನಿಗೆ ಎದುರಾಗಿ ಅಳಿಯ 1992ರಲ್ಲಿ ಗೆದ್ದ, 65ರ ಫ್ರೆಡ್ ಕಪಲ್ಸ್‌ನನ್ನು ತನಗಿಟ್ಟುಕೊಂಡ. ‘ಹಿರಿಯಾಂವ, ಕಡೀ ಸರತಿ ಅಂತೀರಿ. ನನ್ನ ಫೇಡಾ ಅಂವನ ಮ್ಯಾಲ’ ಎಂದು ಆಕೆ ಹಂಚಿನ ಮೇಲೆ ರೊಟ್ಟಿ ಹಾಕಿದಳು. ಹರಾಜಿನ ಸುತ್ತಿಗೆ ಬಡಿದಷ್ಟೇ ಖಚಿತವಾಗಿತ್ತು ಆ ಸದ್ದು.

ಮೊದಲ ದಿನವೇ ಕಪಲ್ಸ್ 14ನೇ ಕುಳಿಗೆ ಅಷ್ಟು ದೂರದಿಂದ ಎರಡನೇ ಹೊಡೆತದಲ್ಲೇ ಚೆಂಡನ್ನು ನೆಟ್ಟಗೆ ಒಳಗೆ ಕಳಿಸಿ ಜನರ ಬಾಯಿ ತೆರೆಸಿದ. ಅಳಿಯನ ಧ್ವನಿಯಲ್ಲಿ ಆಗಲೇ ಫೇಡಾದ ಏಲಕ್ಕಿ ವಾಸನೆ. ಎರಡನೇ ದಿನ ಆ ಕೈ ಓಡಲಿಲ್ಲ. ಇತ್ತ ಲ್ಯಾಂಗರ್ ಮೆಲ್ಲಗೆ, ಬಡ್ಡಿ ಲೆಕ್ಕ ಮಾಡುವವರ ಹಾಗೆ ಒಂದೊಂದನ್ನೇ ಜೋಡಿಸುತ್ತ ಬಂದು ಕಟ್ಟೆಕಡೆಯ ಕುಳಿಯಲ್ಲಿ ಎಡವಿ, ಒಂದೇ ಒಂದು ಹೊಡೆತದಿಂದ ಕಟ್ಟಿನಲ್ಲಿ ಹೋದ. ಕಪಲ್ಸ್ ಅವನಿಗಿಂತ ಒಂದು ಹೊಡೆತ ಹಿಂದೆ. ಇಬ್ಬರೂ ಹೊರಗೆ, ಫೇಡಾ ನನ್ನ ಹೆಂಡತಿಗೆ.

ಶನಿವಾರ ಬೆಳಿಗ್ಗೆ ಈ ಸುದ್ದಿ ಹೇಳಿದರೆ ಆಕೆಗೆ ಗೆದ್ದ ಸಂಭ್ರಮವೇ ಇಲ್ಲ. ‘ಒಂದು ಹೊಡ್ತಕ್ಕ ಹಿರೀ ಮನಶ್ಯಾನ್ನ ಹೊರಗ ಹಾಕೂದೇನ್ರಿ? ನಾಕು ಮಂದಿ ಹಿರೇರು ಇರಲಿಲ್ಲೇನು ಅಲ್ಲೆ, ಹೋಗಲಿಬಿಡು ಅನ್ನಾಕ?’ ಅಗಸ್ಟಾದ ಆ ಶ್ರೀಮಂತ ಕ್ಲಬ್ಬಿನಲ್ಲಿ ಹಿರಿಯರಿಗೇನೂ ಬರಗಾಲವಿಲ್ಲ, ಆದರೆ ಅವರು ಅಂಥ ಮಾತು ಆಡುವವರಲ್ಲ ಎಂದು ಹೇಳಿ ಸಮಾಧಾನ ಮಾಡಬೇಕಾಯಿತು.

ಇನ್ನು ನನ್ನ ಜೋಡಿಯ ಕತೆ. ಅದು ಕಡೆಯ ದಿನದ್ದು. ಉತ್ತರ ಐರ್ಲೆಂಡಿನ ರೋರಿ ಮೆಕಿಲ್ರಾಯ್ ನನಗೆ, ಅಮೆರಿಕದ ಬ್ರೈಸನ್ ಡಿಶಾಂಬೋ ಅಳಿಯನಿಗೆ. ಇಬ್ಬರೂ ಕೂಡಿಯೇ ಕಡೆಯ ಜೋಡಿಯಾಗಿ ಹೊರಟವರು. ಮೆಕಿಲ್ರಾಯ್‌ಗೆ 2014ರಿಂದ ಒಂದೂ ಮಹಾಪಂದ್ಯ ಒಲಿದಿರಲಿಲ್ಲ. ಇದನ್ನು ಗೆದ್ದರೆ ನಾಲ್ಕನ್ನೂ ಗೆದ್ದ ಆರನೆಯವನಾಗುತ್ತಿದ್ದ. ಅವರ ಮಧ್ಯಾಹ್ನ ಅಂದರೆ ನಮಗೆ ನಡುರಾತ್ರಿ. ಅಳಿಯ ವಿಡಿಯೋ ಕರೆ ಮಾಡಿ ಫೋನನ್ನು ಅವನ ಟಿವಿಯ ಮುಂದೆ ನಿಲ್ಲಿಸಿದ. ಅಡ್ಡಮಳೆಯ ಗುಡುಗಿಗೆ ನಮ್ಮಲ್ಲಿ ಕರೆಂಟು ಹೋಗಿತ್ತು. ಕತ್ತಲೆಯ ಪಡಸಾಲೆಯಲ್ಲಿ ಅಂಗೈಯಗಲದ ಪರದೆ ಹಿಡಿದು, ಕಾಣದ ಚೆಂಡಿಗಾಗಿ ಕಣ್ಣು ಕಿರಿದು ಮಾಡಿಕೊಂಡು ಕೂತೆ. ಗಾಲ್ಫಿನಲ್ಲಿ ಹೊಡೆದವನ ಮುಖ ನೋಡಿ ಚೆಂಡು ಎಲ್ಲಿ ಹೋಯಿತೆಂದು ತಿಳಿಯಬೇಕು.

ಎರಡು ಕುಳಿ ಮುಗಿಯುವಷ್ಟರಲ್ಲೇ ನನ್ನವನು ಹಿಂದೆ ಬಿದ್ದ. ಮತ್ತೆ ಮುಂದೆ ಬಂದ. ಜೋಡಿ ಶರತ್ತಿನ ಒಂದು ಕೆಟ್ಟ ಗುಣವನ್ನು ಇಲ್ಲಿ ಹೇಳಲೇಬೇಕು. ಕಪ್ಪಿಗಾಗಿ ಕಟ್ಟಿದವನು ತನ್ನ ಆಟಗಾರ ಗೆಲ್ಲಲೆಂದು ದೇವರನ್ನು ಬೇಡುತ್ತಾನೆ. ಜೋಡಿಗೆ ಕಟ್ಟಿದವನಿಗೆ ಅಷ್ಟು ತಾಳ್ಮೆಯಿಲ್ಲ, ಎದುರಿನವನು ಹಾಳಾಗಲಿ ಅನ್ನುತ್ತಾನೆ, ಅದು ಬೇಗ ಫಲಿಸುತ್ತದೆ. ರಾತ್ರಿ ಎರಡೂವರೆಯ ಸುಮಾರಿಗೆ 11ನೇ ಕುಳಿಯಲ್ಲಿ ಡಿಶಾಂಬೋನ ಚೆಂಡು ಕೊಳಕ್ಕೆ ಹೋಯಿತು. ‘ಬಿತ್ತು! ನೀರಾಗ ಬಿತ್ತು!’ ಎಂದು ನಾನು ಕೂಗಿದ್ದು ಓಣಿಯ ಆ ತುದಿಗೆ ಕೇಳಿಸಿರಬೇಕು. ಅರೆಗಳಿಗೆಯಲ್ಲಿ ಮಗ್ಗುಲ ಮನೆಯ ಕಾಕಾ ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಬಾವಿಯ ಹಗ್ಗ ಹಿಡಿದು ಹಾಜರು.

‘ಏನ ಬಿತ್ತೋ? ಎಮ್ಮೀ?’

‘ಇಲ್ರಿ ಕಾಕಾ. ಡಿಶಾಂಬೋಂದು.’

‘ಯಾರ ಪೈಕಿ ಅಂವ?’

ಪೈಕಿ ಹೇಳುವುದು ಕಷ್ಟವಾಯಿತು. ಕಾಕಾನನ್ನು ಕೂಡ್ರಿಸಿ, ಎಲೆ ಅಡಿಕೆ ಕೊಟ್ಟು, ಜೋಡಿಯ ಸಂಗತಿ ವಿವರಿಸಿದೆ. ಗಾಲ್ಫು ತಿಳಿಯಲಿಲ್ಲ, ಜೋಡಿ ತಕ್ಷಣ ತಿಳಿಯಿತು. ಹಗ್ಗವನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಪಟ್ಟಾಗಿ ಕೂತರು. ಸ್ವಲ್ಪ ಹೊತ್ತಿಗೆ 13ನೇ ಕುಳಿಯಲ್ಲಿ ನನ್ನ ಮೆಕಿಲ್ರಾಯ್, ಸಣ್ಣ ಹುಡುಗರೂ ತಪ್ಪಲಾರದಂಥ ಹತ್ತಿರದ ಹೊಡೆತವನ್ನು ಹಳ್ಳಕ್ಕೆ ಹಾಕಿದ. ಕಾಕಾ ಹಗ್ಗವನ್ನು ನನ್ನ ಕಡೆ ಸರಿಸಿ, ‘ತಗೋ, ನಿನ್ನಾಂವಗೂ ಬೇಕಾತು’ ಅಂದರು.

ಅಷ್ಟಾದರೂ ದಿನದ ಲೆಕ್ಕದಲ್ಲಿ ಮೆಕಿಲ್ರಾಯ್ 73, ಡಿಶಾಂಬೋ 75. ನಾನು ಗೆದ್ದೆ. ಆದರೆ ಅತ್ತ ಪಂದ್ಯ ಮುಗಿದಿರಲಿಲ್ಲ. ಇಂಗ್ಲೆಂಡಿನ ಜಸ್ಟಿನ್ ರೋಸ್ ಆ ದಿನ 66 ಹೊಡೆದು ಮೆಕಿಲ್ರಾಯ್‌ನ ಸಮಕ್ಕೆ ಬಂದು ನಿಂತಿದ್ದ. ಇಬ್ಬರೂ ಇನ್ನೊಂದು ಕುಳಿ ಆಡಬೇಕು. ಜಗತ್ತಿನ ಗಾಲ್ಫು ಪ್ರಿಯರೆಲ್ಲ ಉಸಿರು ಬಿಗಿಹಿಡಿದ ಆ ಗಳಿಗೆಯಲ್ಲಿ ನಮ್ಮಳಿಯ, ‘ಮಾಮಾ, ನಮ್ಮ ಜೋಡಿ ಮುಗೀತಲ್ಲ, ಫೇಡಾ ನಿಮ್ದ. ನಾ ಇನ್ನ ಅನ್ನಕ್ಕಿಡ್ತೀನಿ’ ಎಂದು ಕರೆಯನ್ನೇ ಕಟ್ ಮಾಡಿದ. ಕಾಕಾನಿಗೆ ತಡೆಯಲಾರದ ಸಿಟ್ಟು. ‘ಕಣದಾಗ ಇನ್ನೂ ಕುಸ್ತಿ ನಡದೈತಿ, ಇಂವ ಎದ್ದು ಹೋಗತಾನ? ಎಂಥಾ ಅಳ್ಯಾನೋ ನಿನಗ!’ ಮೆಕಿಲ್ರಾಯ್ ಆ ಒಂದೇ ಕುಳಿಯಲ್ಲಿ ಗೆದ್ದು ನೆಲಕ್ಕೆ ಕುಸಿದು ಅತ್ತದ್ದನ್ನು ನಾವು ಬೆಳಗಾದ ಮೇಲೆ ಸುದ್ದಿಯಲ್ಲಿ ನೋಡಿದೆವು.

ಕಾಕಾ ಕುಸ್ತಿ ಅಂದದ್ದು ಸುಮ್ಮನೆ ಅಲ್ಲ. ಅವರು ಜಾತ್ರೆಯ ಕಣದಲ್ಲಿ ಜೋಡಿ ಹಚ್ಚುವ ಹಿರಿಯರಲ್ಲೊಬ್ಬರು. ಕುಸ್ತಿ ನೋಡಿದವರಿಗೆ ಗೊತ್ತು, ಮೊದಲು ತೆಂಗಿನಕಾಯಿಗೆ ಸೆಣಸುವ ಚಿಕ್ಕ ಹುಡುಗರು, ಆಮೇಲೆ ರೊಕ್ಕದ ಜೋಡಿ, ಕಡೆಗೆ ಬೆಳ್ಳಿ ಕಡಗದ ಪೈಲವಾನರು. ಹೊರಗಿನವರ ಕಣ್ಣೆಲ್ಲ ಕಡಗದ ಮೇಲೆ. ಆದರೆ ಕಣದ ಅಸಲು ವಿದ್ಯೆ ಇರುವುದು ಹಲಗಿ ಬಡಿಯುವ ಮೊದಲಿನ ಆ ಗದ್ದಲದಲ್ಲಿ. ತೂಕದ ಯಂತ್ರ ಇಲ್ಲ, ಕಾಗದ ಇಲ್ಲ. ಹಿರಿಯರು ತೊಡೆ ನೋಡುತ್ತಾರೆ, ಕುತ್ತಿಗೆ ನೋಡುತ್ತಾರೆ, ಗರಡಿಯಲ್ಲಿ ತಿಕ್ಕಿ ತಿಕ್ಕಿ ಮುರುಟಿದ ಕಿವಿ ನೋಡುತ್ತಾರೆ. ಯಾವ ಊರು, ಯಾರ ಪಟ್ಟ ಶಿಷ್ಯ, ಹೋದ ವರ್ಷ ಯಾರ ಕೈಲಿ ಚಿತ್ತಾಗಿದ್ದ ಎಂದು ಕೇಳುತ್ತಾರೆ. ಆಮೇಲೆ ಇಬ್ಬರ ಕೈ ಕೂಡಿಸಿ ಮೇಲೆತ್ತುತ್ತಾರೆ. ಜೋಡಿ ಸರಿಬಿತ್ತೆಂದರೆ ಜನ ಮಾತಿಲ್ಲದೆ ಕೂರುತ್ತಾರೆ. ಸರಿಬೀಳಲಿಲ್ಲವೋ, ‘ಏ, ಇದು ಜೋಡಿ ಅಲ್ಲ ಬಿಡ್ರೋ’ ಎಂದು ನಾಲ್ಕೂ ದಿಕ್ಕಿನಿಂದ ಕೂಗು ಬರುತ್ತದೆ. ಟಗರಿನ ಕಾಳಗದಲ್ಲಿ ಇದನ್ನೇ ಹಲ್ಲಿನ ಮೇಲೆ ಮಾಡುತ್ತಾರೆ: ಹಾಲುಹಲ್ಲು, ಎರಡು ಹಲ್ಲು, ನಾಲ್ಕು, ಆರು, ಎಂಟು. ಟಗರಿನ ಬಾಯಿ ಬಿಡಿಸಿ ನೋಡುವಾಗ ಅದರ ಮಾಲೀಕನ ಮುಖವನ್ನೂ ನೋಡಬೇಕು, ಮಗನ ರಿಸಲ್ಟು ಕೇಳಲು ನಿಂತವರಿಗೂ ಅಷ್ಟು ಆತಂಕ ಇರುವುದಿಲ್ಲ.

ಅಮೆರಿಕದ ಬೆಟ್ಟಿಂಗ್ ಕಂಪನಿಗಳಲ್ಲಿ ಕೂತು ಜೋಡಿ ಹಚ್ಚುವವರೂ ಇದೇ ಕಸುಬಿನವರು. ಸಮಬಲದ ಇಬ್ಬರನ್ನು ಹುಡುಕುತ್ತಾರೆ. ಒಬ್ಬ ಉದ್ದ ಹೊಡೆಯುವವ, ಇನ್ನೊಬ್ಬ ಕುಳಿಯ ಬಳಿ ಚುರುಕು. ಒಬ್ಬನಿಗೆ ಗಾಳಿ ಆಗಿಬರುವುದಿಲ್ಲ, ಇನ್ನೊಬ್ಬನಿಗೆ ಈ ಅಂಗಳ ಹಳೆಯ ಗೆಳೆಯ. ಜನ ಅರ್ಧಕ್ಕರ್ಧ ಒಡೆಯಬೇಕು, ಅಲ್ಲಿಗೆ ಜೋಡಿ ಸರಿಬಿತ್ತು. ಬೇರೆಯಾಗುವುದು ಕಿಸೆಯಲ್ಲಿ. ನಮ್ಮ ಕಾಕಾನಿಗೆ ಜೋಡಿ ಹಚ್ಚಿದ್ದಕ್ಕೆ ಒಂದು ರುಮಾಲು, ಒಂದು ಕಪ್ಪು ಚಹಾ. ಅವರಿಗೆ? ಸಾಮಾನ್ಯವಾಗಿ ಅಲ್ಲಿ ಹನ್ನೊಂದು ಕಟ್ಟಿದರೆ ಗೆದ್ದಾಗ ಬರುವ ಲಾಭ ಹತ್ತು. ಆ ಕಡೆ ಹತ್ತು ಜನ, ಈ ಕಡೆ ಹತ್ತು ಜನ ಹನ್ನೊಂದರಂತೆ ಕಟ್ಟಿದರು ಅನ್ನಿ, ಗಲ್ಲೆಗೆ ಬಂದದ್ದು 220. ಗೆದ್ದ ಹತ್ತು ಜನರಿಗೆ ತಲಾ 21ರಂತೆ 210 ಹಂಚಿದರೆ ಹತ್ತು ಅಲ್ಲೇ ಉಳಿಯಿತು. ರೋರಿ ಗೆದ್ದರೂ ಹತ್ತು, ಬ್ರೈಸನ್ ಗೆದ್ದರೂ ಹತ್ತು. ನಮ್ಮಂಥವರು ನೂರಕ್ಕೆ ಐವತ್ತು ಸಲ ಸರಿ ಹೇಳಿದರೆ ಸಾಲದು, ಐವತ್ತೆರಡೂವರೆಯ ಹತ್ತಿರ ಹೇಳಿದರೆ ಹಾಕಿದ್ದು ಕೈಗೆ ಬರುತ್ತದೆ. ಈ ಲೆಕ್ಕವನ್ನು ಕಾಕಾನಿಗೆ ಬಿಡಿಸಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ‘ಹಂಗಾದ್ರ ನಾ ಇಷ್ಟು ವರ್ಷ ಬರೇ ಚಾ ಕುಡದ್ನೇನೋ?’ ಅಂದರು.

ನಮ್ಮ ಕಡೆ ಜೂಜು ಅಂದರೆ ಓಸಿ. ಅದರ ಬೇರೂ ನ್ಯೂಯಾರ್ಕಿನಲ್ಲೇ ಇದೆ ಎಂದರೆ ಕಾಕಾ ನಂಬಲೇ ಇಲ್ಲ. ಅಲ್ಲಿನ ಹತ್ತಿ ಪೇಟೆ ತೆರೆಯುವಾಗಿನ ದರ, ಮುಚ್ಚುವಾಗಿನ ದರ ಮುಂಬಯಿಗೆ ಬರುತ್ತಿತ್ತು. ಅದರ ಮೇಲೆ ಜನ ಕಟ್ಟುತ್ತಿದ್ದರು. 1960ರ ದಶಕದ ಆರಂಭದಲ್ಲಿ ಆ ದರ ಬರುವುದು ನಿಂತಾಗ ಮಡಕೆಯಲ್ಲಿ ಚೀಟಿ ಹಾಕಿ ಎತ್ತತೊಡಗಿದರು, ಮಟಕಾ ಆಯಿತು. ಹತ್ತಿ ಬೆಳೆದು ಕೈ ಬಿರಿದ ನಮ್ಮ ಜಿಲ್ಲೆಯ ರೈತ ಹತ್ತಿಯೇ ಇಲ್ಲದ ಹತ್ತಿ ದರಕ್ಕೆ ಸೋತ ಕತೆ ಇದು. ಪಾಪಪುಣ್ಯದ ಮಾತು ಬೇರೆಯವರು ಹೇಳಲಿ. ನನ್ನ ತಕರಾರು ಅದು ನೀರಸ ಎಂಬುದು. ಏಳು ಬಂತು, ಎಂಟು ಬರಲಿಲ್ಲ. ಏಳಕ್ಕೆ ಮೊಣಕಾಲು ನೋವಿಲ್ಲ, ಎಂಟಕ್ಕೆ ಕಡೆಯ ಸರತಿ ಎಂಬ ಸಂಕಟವಿಲ್ಲ. ಕಟ್ಟೆಯ ಮೇಲೆ ಕೂತು ಒಂದು ತಾಸು ಜಗಳಾಡಲು ಏನಿದೆ ಅದರಲ್ಲಿ?

ಗಾಲ್ಫು ಕೂಡ ಮೊದಲು ಕುಸ್ತಿಯ ಹಾಗೆ ಜೋಡಿಯ ಆಟವೇ ಆಗಿತ್ತು. ಎದುರುಬದುರು ಇಬ್ಬರು, ಕುಳಿಗೊಂದು ಸೋಲು, ಕುಳಿಗೊಂದು ಗೆಲುವು. ಅಮೆರಿಕದ ಪಿಜಿಎ ಚಾಂಪಿಯನ್‌ಶಿಪ್ ಎಂಬ ಮಹಾಪಂದ್ಯವನ್ನೇ 1957ರವರೆಗೆ ಹಾಗೆ ಆಡಿದರು, ಮರುವರ್ಷದಿಂದ ಹೊಡೆತ ಎಣಿಸುವ ಪದ್ಧತಿ ಬಂತು. ಈಗ ಹಳೆಯ ರೀತಿ ಉಳಿದಿರುವುದು ಬೆರಳೆಣಿಕೆಯ ಪಂದ್ಯಗಳಲ್ಲಿ. ಅದರಲ್ಲೊಂದು ಪ್ರೆಸಿಡೆಂಟ್ಸ್ ಕಪ್. 2015ರಲ್ಲಿ ದಕ್ಷಿಣ ಕೊರಿಯಾದಲ್ಲಿ ನಡೆದಾಗ ನಮ್ಮ ಬೆಂಗಳೂರಿನ ಅಂಗಳಗಳಲ್ಲಿ ಕೈ ಪಳಗಿಸಿದ ಅನಿರ್ಬನ್ ಲಾಹಿರಿ ಅದರಲ್ಲಿ ಆಡಿದ ಮೊದಲ ಭಾರತೀಯನಾದ. ಅದೇ ವರ್ಷ ಪಿಜಿಎ ಚಾಂಪಿಯನ್‌ಶಿಪ್ಪಿನಲ್ಲಿ ಐದನೆಯ ಸ್ಥಾನ ಹಂಚಿಕೊಂಡು ಬಂದವನು. ಕಡೆಯ ದಿನ ಅವನಿಗೆ ಜೋಡಿ ಬಿದ್ದದ್ದು ಅಮೆರಿಕದ ಕ್ರಿಸ್ ಕಿರ್ಕ್. 17 ಕುಳಿ ಆದರೂ ಇಬ್ಬರೂ ಸಮಸಮ. 18ರಲ್ಲಿ ಕಿರ್ಕ್ ಅಷ್ಟು ದೂರದಿಂದ ಉರುಳಿಸಿದ ಚೆಂಡು ಒಳಗೆ ಹೋಯಿತು. ಲಾಹಿರಿಯ ಚೆಂಡು ನಾಲ್ಕಡಿಯೊಳಗಿನ ದೂರದಿಂದ ಅಂಚು ಸವರಿ ಹೊರಗೆ ನಿಂತಿತು. ಅಮೆರಿಕ ಗೆದ್ದದ್ದು ಹದಿನೈದೂವರೆ, ಹದಿನಾಲ್ಕೂವರೆಯಲ್ಲಿ. ಆ ಹುಡುಗ ಆ ರಾತ್ರಿ ಹೇಗೆ ಮಲಗಿದನೋ.

ಅದಿತಿ ಅಶೋಕ್ ಎಂಬ ಬೆಂಗಳೂರಿನ ಹುಡುಗಿಯದು ಇದಕ್ಕಿಂತ ಸಣ್ಣ ಅಂತರ, ದೊಡ್ಡ ನೋವು. 2021ರ ಆಗಸ್ಟ್ 7, ಟೋಕಿಯೋ ಒಲಿಂಪಿಕ್ಸು. ಗಾಲ್ಫಿನ ಗಂಧಗಾಳಿ ಇಲ್ಲದ ನಾವೆಲ್ಲ ಬೆಳಗ್ಗೆ ಬೆಳಗ್ಗೆ ಟಿವಿ ಮುಂದೆ ಕೂತಿದ್ದೆವು. ಅಮೆರಿಕದ ನೆಲ್ಲಿ ಕೋರ್ಡಾಗೆ ಚಿನ್ನ. ಅವಳ ಹಿಂದೆ ಒಂದು ಹೊಡೆತಕ್ಕೆ ಜಪಾನಿನ ಮೋನೆ ಇನಾಮಿ, ನ್ಯೂಜಿಲೆಂಡಿನ ಲಿಡಿಯಾ ಕೋ. ಅವರ ಹಿಂದೆ ಮತ್ತೊಂದೇ ಹೊಡೆತಕ್ಕೆ ಅದಿತಿ, ನಾಲ್ಕನೆಯ ಸ್ಥಾನ. ಸಂಜೆ ನೀರಜ್ ಚೋಪ್ರಾ ಭರ್ಚಿ ಎಸೆದು ಚಿನ್ನ ತಂದಾಗ ಊರೆಲ್ಲ ಪಟಾಕಿ ಹೊಡೆಯಿತು, ಬೆಳಗಿನ ಹುಡುಗಿಯನ್ನು ಮರೆಯಿತು. ಜೋಡಿಯ ಲೆಕ್ಕದಲ್ಲಿ ನೋಡಿದ್ದರೆ ಆ ಪಂದ್ಯಕ್ಕಿಳಿದಿದ್ದ ಅರವತ್ತು ಜನರಲ್ಲಿ ಮೂವರನ್ನು ಬಿಟ್ಟು ಯಾರ ಎದುರು ನಿಲ್ಲಿಸಿದ್ದರೂ ಗೆಲ್ಲುತ್ತಿದ್ದಳು. ಪದಕ ಕೊಡುವವರಿಗೆ ಈ ಲೆಕ್ಕ ಬೇಡ. ನಮ್ಮ ಕಟ್ಟೆಗೆ ಬೇಕು.

ನಮ್ಮ ಫೇಡಾ ಶರತ್ತಿನ ವರ್ಷವೇ ಅಳಿಯ ಪಂಚಮಿಗೆ ಊರಿಗೆ ಬಂದ. ನನಗೊಂದು ಕಿಲೋ, ಅವನ ಅತ್ತೆಗೊಂದು ಕಿಲೋ ಫೇಡಾ ಡಬ್ಬಿ ಕೈಯಲ್ಲಿತ್ತು, ಮಾತಿಗೆ ತಪ್ಪುವ ಹುಡುಗನಲ್ಲ. ಪಂಚಮಿ ಅಂದರೆ ನಮ್ಮ ಕಡೆ ಹೆಣ್ಣುಮಕ್ಕಳಿಗೆ ಜೋಕಾಲಿ, ಗಂಡಸರಿಗೆ ಶರತ್ತು. ಕಣ್ಣು ಕಟ್ಟಿಕೊಂಡು ಗುರಿ ಮುಟ್ಟುವುದು, ಕಲ್ಲು ಎತ್ತುವುದು, ಎಲ್ಲಕ್ಕಿಂತ ಮಿಗಿಲಾಗಿ ಲಿಂಬಿಹಣ್ಣು ಒಗೆಯುವುದು. ಇಲ್ಲಿಂದ ಅಲ್ಲಿಗೆ ಇಷ್ಟು ಒಗತದಲ್ಲಿ ಮುಟ್ಟಿಸಬೇಕು. ಬಿದ್ದಲ್ಲಿಂದಲೇ ಮತ್ತೆ ಒಗೆಯಬೇಕು. ಕಡಿಮೆ ಒಗತದವನು ಗೆದ್ದ. ಬೆಂಗಳೂರು ಗಾಲ್ಫ್ ಕ್ಲಬ್ಬು 1876ರದು ಎಂದು ಅಲ್ಲಿನವರು ಬೀಗುತ್ತಾರೆ. ನಮ್ಮ ಲಿಂಬಿಹಣ್ಣಿಗೆ ಇಸವಿ ಬರೆದಿಟ್ಟವರಿಲ್ಲ, ಇಷ್ಟೇ ವ್ಯತ್ಯಾಸ.

ಅಳಿಯ ಹುರುಪಿನಿಂದ ತೋಳೇರಿಸಿ ಬಂದ. ತಾನು ಶನಿವಾರ ಶನಿವಾರ ಆಡುವವನೆಂದೂ ದೂರದ ಅಂದಾಜು ತನಗೆ ಕರಗತವೆಂದೂ ಹೇಳಿಕೊಂಡ. ಆದರೆ ಅಗಸಿಯ ಮುಂದೆ ಮೊದಲು ಜೋಡಿ ಹಚ್ಚಬೇಕಲ್ಲ. ಕಾಕಾ ಅವನ ಭುಜ ಒತ್ತಿ ನೋಡಿದರು. ಅಂಗೈ ಬಿಡಿಸಿ ಸವರಿದರು. ಗೊಬ್ಬರ ಹೊರುವ ಆಳುಮಗನನ್ನು ಹಚ್ಚಬೇಕೆಂದು ಒಬ್ಬರು, ಬೇಡ ಮಾಸ್ತರರ ತಮ್ಮ ಸರಿ ಎಂದು ಇನ್ನೊಬ್ಬರು. ಜಿಟಿಜಿಟಿ ಮಳೆಯಲ್ಲಿ ಕೊಡೆ ಹಿಡಿದು ವಾದ ನಡೆಯಿತು. ಕಡೆಗೆ ಕಾಕಾ ತೀರ್ಪು ಕೊಟ್ಟರು: ‘ನೋಡಾಕ ಎಂಟು ಹಲ್ಲಿಂದು ಕಂಡೀತು. ಕೈ ಹಾಲುಹಲ್ಲು. ಎಂಟನೇತ್ತೆ ಹುಡುಗನ್ನ ಕರೀರಿ.’

ಮೂವತ್ತೆಂಟರ ಅಳಿಯ ಕೆಂಪಗಾದ. ಹುಡುಗ ಚಡ್ಡಿಯ ಕಿಸೆಯಿಂದ ಲಿಂಬಿಹಣ್ಣು ತೆಗೆದು ಸುಮ್ಮನೆ ನಿಂತ. ಅಗಸಿಯಿಂದ ಕೆರೆಯ ದಂಡೆಯ ಬನ್ನಿಗಿಡದವರೆಗೆ. ಮೊದಲ ಒಗತ ಇಬ್ಬರದೂ ಅಷ್ಟಕ್ಕಷ್ಟೇ. ಎರಡನೆಯದರಲ್ಲಿ ಅಳಿಯ ಒಂದು ಮಾರು ಮುಂದೆ; ನನಗೇ ಎದೆಯುಬ್ಬಿತು. ಮೂರನೆಯದು ಕೈಜಾರಿ, ಎದೆಯೆತ್ತರ ಬೆಳೆದ ಗೋವಿನಜೋಳದ ಹೊಲದೊಳಗೆ ಹೋಯಿತು. ಕೆಸರಲ್ಲಿ ಬಗ್ಗಿ ಒಂದಿಷ್ಟು ಹೊತ್ತು ಹುಡುಕಿ ಅಂವ ಬದುವಿನ ಮೇಲೆ ನಿಂತು ನಿಯಮ ಹೇಳತೊಡಗಿದ.

‘ಕಾಕಾ, ಮೂರು ಮಿನಿಟಿನ್ಯಾಗ ಸಿಗಲಿಲ್ಲಂದ್ರ ಚೆಂಡು ಕಳಕೊಂಡಂಗ. ಒಂದು ಹೊಡ್ತ ದಂಡಾ ಹಾಕಿ ಹೊಸಾದು ತಗೋಬೇಕು. ಎಲ್ಲಾ ಕಡೆ ಹಂಗ ಐತಿ ರೂಲ್ಸು.’

‘ಹೊಸಾ ಲಿಂಬಿಹಣ್ಣಿನ ರೊಕ್ಕ ನಿಮ್ಮಪ್ಪ ಕೊಡತಾನೇನು? ಹುಡುಕು.’

ಅಷ್ಟರಲ್ಲಿ ಹುಡುಗನಿಗೆ ಬೇಸರ ಬಂದು ನಮ್ಮ ಮನೆಗೆ ಹೋದ. ಶೇಂಗಾ ಉಂಡಿ ಒಂದು, ಎಳ್ಳುಂಡಿ ಒಂದು ತಿಂದು, ನೀರು ಕುಡಿದು, ಜೋಕಾಲಿಯಲ್ಲಿ ನಾಲ್ಕು ಜೀಕು ಜೀಕಿ, ನನ್ನ ಹೆಂಡತಿ ಕೊಟ್ಟ ಫೇಡಾವನ್ನು ದವಡೆಯಲ್ಲಿ ಒತ್ತಿಕೊಂಡು ವಾಪಸ್ಸು ಬಂದು ಕೇಳಿದ:

‘ಸಿಕ್ತ್ರಿ?’